ಹಲಸಿಯ ತಾಮ್ರ, ಬಾದಾಮಿಯ ಬಂಡೆ

ಮೂವತ್ತು ವರ್ಷಗಳ ಕಾಲ ತರಗತಿಯಲ್ಲಿ ಹಲಸಿಯ ಹೆಸರನ್ನು ಉಚ್ಚರಿಸಿದವನು ನಾನು. ಆದರೆ ಬೆಳಗಾವಿಗೆ ಇಷ್ಟು ಹತ್ತಿರದ ಆ ಊರನ್ನು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ. ಅದೂ ಮೊಮ್ಮಗನ ದಯೆಯಿಂದ. ಬಾದಾಮಿಯ ಬಂಡೆಗಳನ್ನು ಏರಲು ಗೆಳೆಯರೊಡನೆ ಹೊರಟಿದ್ದ ಆತ, "ಸುತ್ತು ಆದ್ರೂ ಚಿಂತಿಲ್ಲ, ನಿಮ್ಮ ಹಲಸೀನೂ ನೋಡಿ ಹೋಗೂಣು ಬರ್ರಿ, ಅಜ್ಜಾ" ಎಂದು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡ.

ಖಾನಾಪುರವನ್ನು ದಾಟಿ, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡದಲ್ಲಿ ಕೈಮುಗಿದು, ಹಲಸಿಗೆ ಬಂದೆವು. ಶಾಸನಗಳ ಪಲಾಶಿಕೆ ಇದೇ. ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿ. ಭೂವರಾಹ ನರಸಿಂಹ ದೇವಾಲಯದ ಎದುರುಬದುರಾದ ಎರಡು ಗರ್ಭಗುಡಿಗಳ ನಡುವೆ ನಿಂತಾಗ ನಮ್ಮೊಡನೆ ಇದ್ದುದು ಮೌನವೊಂದೇ. ಆ ಗುಡಿ 12ನೆಯ ಶತಮಾನದ ಗೋವೆಯ ಕದಂಬರ ಕಾಲದ್ದು. ಹಲಸಿಯ ಕೀರ್ತಿಯಾದರೋ ಅದಕ್ಕಿಂತ ಏಳು ಶತಮಾನ ಹಿಂದಿನದು. ಇಲ್ಲಿ ದೊರೆತ ತಾಮ್ರಪಟಗಳನ್ನು ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಫ್ಲೀಟರು ಓದಿ ಪ್ರಕಟಿಸಿದರು. ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಹೊಲವೊಂದನ್ನು ಕೊಟ್ಟದ್ದು, ಮೃಗೇಶವರ್ಮನು ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿದ್ದು ನಮಗೆ ತಿಳಿದಿರುವುದು ಅವುಗಳಿಂದಲೇ. ತಾಮ್ರಪಟವೆಂದರೆ ಪಡೆದವನ ಮನೆಯಲ್ಲಿ ಉಳಿಯುವ ಪತ್ರ. ಅದರ ಮಾತು ಕೊಡುಗೆಯ ಮಾತು.

ಮರುದಿನ ಬಾದಾಮಿ. ಅಲ್ಲಿ ರಾಜನ ಮಾತಿನ ಧಾಟಿಯೇ ಬೇರೆ. ಶಕ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ಒಂದನೆಯ ಪುಲಕೇಶಿಯು ವಾತಾಪಿಯ ಗಿರಿಯನ್ನು ಮೇಲೂ ಕೆಳಗೂ ದುರ್ಗಮವಾದ ಕೋಟೆಯಾಗಿಸಿದೆನೆಂದು ಬಂಡೆಯ ಮೇಲೆಯೇ ಬರೆಸಿದ. ಅಶ್ವಮೇಧ ಮಾಡಿದ ಆ ಹೊಸ ಅರಸನಿಗೆ ತಾಮ್ರದ ತಗಡು ಸಾಲದಾಯಿತು. ಕದಂಬರ ಬಲ ಕುಂದುತ್ತಿದ್ದ ಕಾಲದಲ್ಲಿ ತನ್ನ ಬಲವನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಸಾರಬೇಕಾಗಿತ್ತು.

ಸ್ಮಾರಕಗಳಿಂದ ದೂರದ ಬಂಡೆಯೊಂದರಲ್ಲಿ ಹುಡುಗರು ಸೊಂಟಕ್ಕೆ ಹಗ್ಗ ಬಿಗಿದುಕೊಂಡರು. ಕೆಳಗೊಬ್ಬ ಹಗ್ಗ ಹಿಡಿದ. ಮೇಲೊಬ್ಬ ಕೆಂಪು ಮರಳುಗಲ್ಲಿನ ಬಿರುಕಿಗೆ ಬೆರಳು ಸೇರಿಸುತ್ತ ಏರಿದ. ನಾನು ಕಣ್ಣು ಮುಚ್ಚಿಕೊಂಡಿದ್ದೆನೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಇಳಿದು ಬಂದ ಮೊಮ್ಮಗ ಕೇಳಿದ: "ಯಾರಿಗೂ ಹತ್ತಾಕ ಆಗೂದಿಲ್ಲಂತ ಬರಸಿದ್ದನಲ್ಲ, ಅಜ್ಜಾ, ಯಾರೂ ಹತ್ತಲೇ ಇಲ್ಲೇನು?"

ಹತ್ತಿದ್ದರು. ಪುಲಕೇಶಿಯ ಬರಹಕ್ಕೆ ನೂರು ವರ್ಷ ತುಂಬುವ ಮುನ್ನವೇ, 642ರಲ್ಲಿ, ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಗೆದ್ದು ಬಾದಾಮಿಯ ಬಂಡೆಯ ಮೇಲೆಯೇ ತನ್ನ ಶಾಸನವನ್ನು ಕೆತ್ತಿಸಿದ. ಮುಂದೆ ಒಂದನೆಯ ವಿಕ್ರಮಾದಿತ್ಯನು ನಗರವನ್ನು ಮರಳಿ ಪಡೆದನು. ಪಲ್ಲವರ ಬರಹ ಮಾತ್ರ ಇಂದಿಗೂ ಬಂಡೆಯ ಮೇಲಿದೆ.

ಹಿಂದಿರುಗುವಾಗ ಕಾಲುದಾರಿಯ ಕಲ್ಲುಗಳ ಮೇಲೆ ಯಾರೋ ಗೀಚಿದ ಹೆಸರುಗಳು ಕಂಡವು. ಹುಡುಗರು ತಾವು ಏರಿದ ಬಂಡೆಯ ಮೇಲೆ ಕೈಯಿಂದ ಅಂಟಿದ್ದ ಬಿಳಿಯ ಪುಡಿಯನ್ನು ಅಷ್ಟು ಹೊತ್ತಿಗಾಗಲೇ ಉಜ್ಜಿ ತೆಗೆದಿದ್ದರು. ಹೇಳಿಕೊಟ್ಟವನು ನಾನಲ್ಲ. ಆದರೂ ಶಾಸನಪಾಠಕ್ಕೆ ಒಬ್ಬ ಶಿಷ್ಯ ದೊರೆತನೆಂದು ನನಗನ್ನಿಸಿತು.