ಸೆರೆಮನೆಯಿಂದ ಮನೆಗೆ: ಓಲೆ ನಡೆದ ದಾರಿ

ಗಡಿನಾಡಿನ ಕನ್ನಡಿಗರಿಗೆ ಎರಡು ಕೇಂದ್ರ ಕಾರಾಗೃಹಗಳು ಸಮೀಪದವು: ಕೊಲ್ಹಾಪುರದ ಕಳಂಬಾ, ಬೆಳಗಾವಿಯ ಹಿಂಡಲಗಾ. ಗಡಹಿಂಗ್ಲಜ ಸೀಮೆಯ ತಾಯಿಗಾಗಲಿ, ಇಚಲಕರಂಜಿಯ ಮಗ್ಗದ ಕೆಲಸಗಾರನಿಗಾಗಲಿ, ಒಳಗಿರುವವನ ಮುಖ ನೋಡಿ ಬರುವುದೆಂದರೆ ಒಂದು ದಿನದ ದುಡಿಮೆ ಬಿಟ್ಟಂತೆ. ಹೀಗಾಗಿ ಸೆರೆಮನೆಗೂ ಮನೆಗೂ ನಡುವೆ ಸುದ್ದಿ ಹೇಗೆ ಸಾಗಿತೆಂಬುದು ಕಾನೂನು ಪಂಡಿತರಿಗಷ್ಟೇ ಸೇರಿದ ವಿಷಯವಲ್ಲ. ತಾಯ್ನುಡಿಯನ್ನು ನೆಚ್ಚಿದ ನಮ್ಮದೂ ಹೌದು.

ಕೈದಿಯ ಓಲೆ ಮೊದಲು ಅಧಿಕಾರಿಯ ಕಣ್ಣಿಗೆ ಬೀಳಬೇಕು, ಅನಂತರ ಮನೆಯವರ ಕೈಗೆ. ಅಧಿಕಾರಿಗೆ ತಿಳಿಯದ ಭಾಷೆಯಲ್ಲಿ ಬರೆದರೆ? 1909ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾ ಸೆರೆಯಲ್ಲಿದ್ದ ಗಾಂಧೀಜಿ ಈ ಪ್ರಶ್ನೆಯನ್ನು ಎದುರಿಸಿದರು. ಕಸ್ತೂರಬಾ ಶಸ್ತ್ರಚಿಕಿತ್ಸೆಯಿಂದ ಬಳಲಿದ್ದರು. ಗುಜರಾತಿಯಲ್ಲಿ ಪತ್ರ ಬರೆಯಲು ಅನುಮತಿ ದೊರೆಯಲಿಲ್ಲ, ಇಂಗ್ಲಿಷಿನಲ್ಲಿ ಬರೆಯಬಹುದೆಂದರು. ಪತ್ನಿಗೆ ತಿಳಿಯದ ಭಾಷೆಯಲ್ಲಿ ಬರೆಯುವ ಆ ಸವಲತ್ತನ್ನು ಅವರು ಒಲ್ಲೆನೆಂದರು.

ಸ್ವತಂತ್ರ ಭಾರತದಲ್ಲಿಯೂ ಈ ದಾರಿ ಸುಗಮವಾಗಿರಲಿಲ್ಲ. ಮುಂಬಯಿಯ ಸೆರೆಯಲ್ಲಿದ್ದ ಪ್ರಭಾಕರ ಪಾಂಡುರಂಗ ಸಂಝಗಿರಿಯವರು ಮರಾಠಿಯಲ್ಲಿ ಪರಮಾಣುವನ್ನು ಕುರಿತು ಪುಸ್ತಕ ಬರೆದು, ಪ್ರಕಟಣೆಗಾಗಿ ಹಸ್ತಪ್ರತಿಯನ್ನು ಪತ್ನಿಗೆ ಕಳುಹಿಸಲು ಬಯಸಿದರು. ಸರಕಾರ ತಡೆಯಿತು. 1965ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂಝಗಿರಿಯವರ ಪರವಾಗಿ ತೀರ್ಪಿತ್ತಿತು. ತಿಹಾರ ಜೈಲಿನಿಂದ ಸುನೀಲ್ ಬಾತ್ರಾ ನ್ಯಾಯಮೂರ್ತಿಯೊಬ್ಬರಿಗೆ ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ, 1979ರಲ್ಲಿ ಕೊಟ್ಟ ತೀರ್ಪು ಬಂಧುಗಳ ಭೇಟಿಯ ಮಹತ್ವವನ್ನು ಎತ್ತಿಹಿಡಿಯಿತು. 1981ರ ಫ್ರಾನ್ಸಿಸ್ ಕೊರಲಿ ಮುಲಿನ್ ಪ್ರಕರಣದಲ್ಲಿ, ಸೆರೆಯಲ್ಲಿರುವವರು ಕುಟುಂಬದವರನ್ನು ಕಾಣುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನಲ್ಲಿಯೇ ಅಡಗಿದೆಯೆಂದು ನ್ಯಾಯಾಲಯ ಸಾರಿತು.

2020ರಲ್ಲಿ ಕೋವಿಡ್ ಬಂದು ಭೇಟಿಯ ಕಿಟಕಿ ಮುಚ್ಚಿದಾಗ ಪರದೆ ತೆರೆಯಿತು. ‘ಇ-ಮುಲಾಕಾತ್’ ವ್ಯವಸ್ಥೆಯಲ್ಲಿ ಮನೆಯವರು ಹೆಸರು ನೋಂದಾಯಿಸಿ, ಗೊತ್ತಾದ ಹೊತ್ತಿಗೆ ಕೈದಿಯನ್ನು ಮೊಬೈಲಿನಲ್ಲಿ ಕಂಡು ಮಾತಾಡಬಹುದು. 2023ರಲ್ಲಿ ಪುಣೆಯ ಯರವಡಾದಲ್ಲಿ ಸ್ಮಾರ್ಟ್ ಕಾರ್ಡ್ ದೂರವಾಣಿ ಪ್ರಾಯೋಗಿಕವಾಗಿ ಆರಂಭವಾಯಿತು: ವಾರಕ್ಕೆ ಮೂರು ಸಲ, ಆರಾರು ನಿಮಿಷ.

ಇಲ್ಲಿ ದೊಡ್ಡದೊಂದು ಬದಲಾವಣೆಯಿದೆ. ಓಲೆಯ ಕಾಲದಲ್ಲಿ ಅಕ್ಷರ ಬಾರದ ತಾಯಿ ತನ್ನ ಅಳಲನ್ನು ಅನ್ಯರ ಕೈಯಿಂದ ಬರೆಯಿಸಬೇಕಿತ್ತು, ಮಗನ ಪತ್ರವನ್ನು ಅನ್ಯರ ಬಾಯಿಂದ ಕೇಳಬೇಕಿತ್ತು. ಇಂದು ಆಕೆ ತನ್ನ ಕನ್ನಡದಲ್ಲಿಯೇ “ಉಂಡ್ಯಾ, ಮಗನ?” ಎಂದು ಕೇಳಬಲ್ಲಳು. ಆದರೆ ಆ ಮಾತಿಗೆ ಮುನ್ನ ಅರ್ಜಿ ತುಂಬಬೇಕು, ಗುರುತಿನ ಚೀಟಿಯ ಸಂಖ್ಯೆ ಕೊಡಬೇಕು, ಒಟಿಪಿ ಒತ್ತಬೇಕು. ಓಲೆ ಬರೆದುಕೊಡುವವನ ಜಾಗಕ್ಕೆ ಅರ್ಜಿ ತುಂಬಿಕೊಡುವವನು ಬಂದಿದ್ದಾನೆ. ಪರಾವಲಂಬನೆ ಮಾತ್ರ ಉಳಿದಿದೆ.

ಸೆರೆಗೆ ಹೋದವನ ಮನೆಯ ಹೊಸ್ತಿಲನ್ನು ನೆರೆಹೊರೆಯವರು ತುಳಿಯಲು ಹಿಂಜರಿಯುತ್ತಾರೆ. ತಪ್ಪು ಯಾರದೇ ಇರಲಿ, ಆ ತಾಯಿಯ ಮೌನಕ್ಕೆ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ವಿಧಿಸಿಲ್ಲ. ಮೊಬೈಲ್ ಬಲ್ಲ ನಮ್ಮ ಮನೆಯ ಮಕ್ಕಳು ಅವಳ ಪಕ್ಕದಲ್ಲಿ ಕುಳಿತು ಆ ಅರ್ಜಿ ತುಂಬಿಕೊಟ್ಟರೆ, ಅದೂ ಕನ್ನಡದ ಸೇವೆಯೇ.