ನಂಬರ್ ಪ್ಲೇಟಿನ ಮೇಲೊಂದು ಸ್ಮಾರಕ: ಅಮೆರಿಕದ ವಿಶೇಷ ಫಲಕಗಳ ಚರಿತ್ರೆ

ಪೀಠಿಕೆ

ವಾಹನದ ನಂಬರ್ ಪ್ಲೇಟ್ ಹುಟ್ಟಿದ್ದು ಗುರುತಿಗಾಗಿ. ನ್ಯೂಯಾರ್ಕ್ ರಾಜ್ಯ 1901ರಲ್ಲಿ ನೋಂದಣಿ ಕಡ್ಡಾಯ ಮಾಡಿದಾಗ, ಮಾಲೀಕರು ತಮ್ಮ ಹೆಸರಿನ ಮೊದಲಕ್ಷರಗಳ ಫಲಕವನ್ನು ತಾವೇ ಮಾಡಿಸಿಕೊಳ್ಳಬೇಕಿತ್ತು. ರಾಜ್ಯವೇ ಫಲಕ ಕೊಡುವ ಪದ್ಧತಿ ಮ್ಯಾಸಚೂಸೆಟ್ಸ್‌ನಲ್ಲಿ 1903ರಲ್ಲಿ ಶುರುವಾಯಿತು. ಈ ತಗಡು ಸ್ಮಾರಕವೂ ದೇಣಿಗೆಯ ದಾರಿಯೂ ಆದದ್ದು ಹೇಗೆ, ಅದರ ಮೇಲಿನ ಮಾತು ಯಾರದು ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಪ್ರಚಾರದಿಂದ ಸ್ಮರಣೆಗೆ

1928ರಲ್ಲಿ ಐಡಹೊ ರಾಜ್ಯ ತನ್ನ ಫಲಕದ ಮೇಲೆ ಆಲೂಗಡ್ಡೆಯ ಚಿತ್ರ ಅಚ್ಚು ಹಾಕಿಸಿತು. ಹತ್ತು ವರ್ಷಗಳ ತರುವಾಯ ನ್ಯೂಯಾರ್ಕಿನ ಫಲಕಗಳು ಅಲ್ಲಿನ ವಿಶ್ವಮೇಳವನ್ನು ಸಾರಿದವು. ಇವು ಸರ್ಕಾರದ ಪ್ರಚಾರ. ಮಾಲೀಕರಿಗೆ ಆಯ್ಕೆ ಇರಲಿಲ್ಲ.

ಆಯ್ಕೆ ಮತ್ತು ದೇಣಿಗೆ ಎರಡನ್ನೂ ಬೆಸೆದ ಪ್ರಸಿದ್ಧ ಉದಾಹರಣೆ ಫ್ಲಾರಿಡಾದ್ದು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಗಗನಕ್ಕೇರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಮಡಿದರು. ಅವರ ನೆನಪಿಗೆ ಆ ರಾಜ್ಯ ತನ್ನ ಮೊದಲ ವಿಶೇಷ ಫಲಕವನ್ನು 1987ರಲ್ಲಿ ಹೊರತಂದಿತು. ಬೇಕೆಂದವರು ಹೆಚ್ಚುವರಿ ಶುಲ್ಕ ಕಟ್ಟಿ ಕೊಳ್ಳಬಹುದಿತ್ತು. ಅದರ ಪಾಲು ಗಗನಯಾತ್ರಿಗಳ ಸ್ಮಾರಕ ಪ್ರತಿಷ್ಠಾನಕ್ಕೆ ಸಂದಿತು. ಕೆನಡಿ ಬಾಹ್ಯಾಕಾಶ ಕೇಂದ್ರದ ಸಂದರ್ಶಕರ ಆವರಣದಲ್ಲಿ 1991ರಲ್ಲಿ ಲೋಕಾರ್ಪಣೆಗೊಂಡ ‘ಸ್ಪೇಸ್ ಮಿರರ್’ ಈ ಹಣದ ಫಲ. ಕನ್ನಡಿಯಂತೆ ನುಣುಪಾದ ಕರಿ ಗ್ರಾನೈಟಿನಲ್ಲಿ ಮಡಿದ ಗಗನಯಾತ್ರಿಗಳ ಹೆಸರುಗಳನ್ನು ಆರಪಾರ ಕೊರೆಯಲಾಗಿದೆ. ಹಿಂದಿನಿಂದ ಬೆಳಕು ಬಿದ್ದಾಗ ಅಕ್ಷರಗಳು ಆಗಸದ ಪ್ರತಿಬಿಂಬದ ಮೇಲೆ ತೇಲಿದಂತೆ ಕಾಣುತ್ತವೆ. 2003ರಲ್ಲಿ ಕೊಲಂಬಿಯಾ ನೌಕೆಯ ದುರಂತಕ್ಕೆ ಬಲಿಯಾದ ಕಲ್ಪನಾ ಚಾವ್ಲಾ ಅವರ ಹೆಸರೂ ಅಲ್ಲಿದೆ.

ಲೆಕ್ಕಾಚಾರ

ಮುಂದೆ ವಿಶ್ವವಿದ್ಯಾಲಯಗಳು, ವನ್ಯಜೀವಿ ನಿಧಿಗಳು, ಸೇವಾ ಸಂಸ್ಥೆಗಳು ಇಂಥ ಫಲಕಗಳಿಗಾಗಿ ಸಾಲುಗಟ್ಟಿದವು. ಹಾಗಾಗಿ ರಾಜ್ಯಗಳು ಷರತ್ತು ಹಾಕಿದವು. ವರ್ಜೀನಿಯಾದಲ್ಲಿ ಹೊಸ ಫಲಕಕ್ಕೆ ಮುಂಗಡ ಹಣ ಕಟ್ಟಿದ 450 ಅರ್ಜಿಗಳು ಬೇಕು. ಆದಾಯ ಹಂಚಿಕೆಯ ಫಲಕಗಳಲ್ಲಿ ಮೊದಲ 1,000 ಮಾರಾಟವಾಗುವವರೆಗೆ ಸಂಸ್ಥೆಗೆ ಪಾಲಿಲ್ಲ; ಆಮೇಲೆ 25 ಡಾಲರ್ ವಾರ್ಷಿಕ ಶುಲ್ಕದಲ್ಲಿ 15 ಡಾಲರ್ ಸಿಗುತ್ತದೆ. ಬೆಂಬಲಿಗರ ಬಳಗ ದೊಡ್ಡದಿದ್ದವರಿಗೆ ಇದು ಸುಲಭ, ಚಿಕ್ಕ ಸಂಸ್ಥೆಗಳಿಗೆ ಕಷ್ಟ.

ನ್ಯಾಯಾಲಯದಲ್ಲಿ

‘ಸ್ವತಂತ್ರನಾಗಿ ಬದುಕು, ಇಲ್ಲವೇ ಮಡಿ’ ಎಂಬರ್ಥದ, ನ್ಯೂಹ್ಯಾಂಪ್‌ಶೈರ್ ಫಲಕಗಳ ಮೇಲಿನ ಘೋಷವಾಕ್ಯ ತನ್ನ ಧರ್ಮಶ್ರದ್ಧೆಗೆ ಒಪ್ಪದೆಂದು ಜಾರ್ಜ್ ಮೇನಾರ್ಡ್ ತಮ್ಮ ಫಲಕದಲ್ಲಿ ಅದನ್ನು ಮುಚ್ಚಿದರು. 15 ದಿನ ಜೈಲಿನಲ್ಲೂ ಇದ್ದರು. 1977ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರದ ಮಾತನ್ನು ಹೊತ್ತು ತಿರುಗುವಂತೆ ಪ್ರಜೆಯನ್ನು ಬಲವಂತಪಡಿಸಲಾಗದು ಎಂದಿತು.

ಇದಕ್ಕೆ ತಿರುವುಮುರುವಾದ ಪ್ರಶ್ನೆ ಟೆಕ್ಸಾಸಿನಿಂದ ಬಂತು. ಅಂತರ್ಯುದ್ಧದಲ್ಲಿ ದಕ್ಷಿಣದ ಪರ ಹೋರಾಡಿದವರ ವಂಶಸ್ಥರ ಸಂಘ, ಆ ಪಕ್ಷದ ಕಾನ್ಫೆಡರೇಟ್ ಬಾವುಟವಿರುವ ಫಲಕ ಕೋರಿತು. ರಾಜ್ಯದ ಮಂಡಳಿ 2011ರಲ್ಲಿ ನಿರಾಕರಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್ 5–4 ಬಹುಮತದಿಂದ ಮಂಡಳಿಯ ಪರ ನಿಂತಿತು: ಫಲಕದ ಮಾತು ಸರ್ಕಾರದ ಮಾತು, ಬೇಡವೆನ್ನುವ ಅಧಿಕಾರ ಅದಕ್ಕಿದೆ. ಗಾಲ್ಫ್ ಆಡುವ ಆಸೆ ಹೇಳುವ ಫಲಕವೂ ಸರ್ಕಾರದ ನಿಲುವೇ ಎಂದು ಭಿನ್ನಮತದಲ್ಲಿ ನ್ಯಾಯಮೂರ್ತಿ ಅಲಿಟೊ ಪ್ರಶ್ನಿಸಿದರು.

ಉಪಸಂಹಾರ

ಭಾರತದಲ್ಲಿ ಫಲಕದ ಮಾತು ಯಾರದೆಂಬ ಪ್ರಶ್ನೆ ಏಳಲು ಆಸ್ಪದವೇ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಅಕ್ಷರಗಳ ಎತ್ತರ, ದಪ್ಪ, ಅಂತರವನ್ನೂ ಗೊತ್ತುಪಡಿಸಿವೆ; 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ (ಎಚ್‌ಎಸ್‌ಆರ್‌ಪಿ) ಕಡ್ಡಾಯ. ಆರ್‌ಟಿಓ ಹರಾಜಿನ ಫ್ಯಾನ್ಸಿ ನಂಬರಿನ ಹಣ ಸೇರುವುದು ರಾಜ್ಯದ ಬೊಕ್ಕಸಕ್ಕೆ. ಅಮೆರಿಕದ ಪದ್ಧತಿ ಸಂಸ್ಥೆಗಳಿಗೆ ಸ್ಥಿರ ಆದಾಯ ಕೊಟ್ಟಿದೆ, ನಿಜ. ಆದರೆ ದುಡ್ಡು ಕೊಡುವವನು ಪ್ರಜೆಯಾದರೂ ಯಾರನ್ನು ಸ್ಮರಿಸಬೇಕೆಂಬ ಕೊನೆಯ ಮಾತು ಸರ್ಕಾರದ್ದೇ ಎಂಬುದು ಈ ಚರಿತ್ರೆಯಿಂದ ಸ್ಪಷ್ಟ.