ಒಂದು ಹಾಡು, ಎರಡು ಇಸವಿ

ಅಮೆರಿಕದ ಪಾಪ್ ಗಾಯಕ ಬಡ್ಡಿ ಹಾಲಿಯ (1936–1959) ಹೆಸರು ಇಂಗ್ಲಿಷಿನಲ್ಲಿ ಒಂದೆಡೆ ‘ಇ’ ಅಕ್ಷರದೊಂದಿಗೆ, ಇನ್ನೊಂದೆಡೆ ಅದಿಲ್ಲದೆ ಕಾಣುತ್ತದೆ. ‘ದಟ್ಲ್ ಬಿ ದ ಡೇ’ ಹಾಡಿನ ಧ್ವನಿಮುದ್ರಣಕ್ಕೂ 1956, 1957 ಎಂಬ ಎರಡು ಇಸವಿಗಳುಂಟು. ಇವುಗಳಲ್ಲಿ ಯಾವುದು ಸುಳ್ಳು?

ಮನೆತನದ ಹೆಸರಿನಲ್ಲಿ ‘ಇ’ ಇತ್ತು. ಡೆಕ್ಕಾ ಕಂಪನಿಯ 1956ರ ಕರಾರುಪತ್ರದಲ್ಲಿ ಅದು ಬಿಟ್ಟುಹೋಯಿತು. ಗಾಯಕನು ಹಾಗೆಯೇ ಪ್ರಸಿದ್ಧನಾದನು. ಹಾಡನ್ನು ಆತ 1956ರ ಜುಲೈನಲ್ಲಿ ನ್ಯಾಶ್‌ವಿಲ್‌ನಲ್ಲಿ ಡೆಕ್ಕಾಕ್ಕಾಗಿ ಹಾಡಿದನು. 1957ರ ಫೆಬ್ರವರಿಯಲ್ಲಿ ನ್ಯೂ ಮೆಕ್ಸಿಕೋದ ಕ್ಲೋವಿಸ್‌ನಲ್ಲಿ ಪುನಃ ಹಾಡಿದನು. ಹಳೆಯ ಕರಾರು ಅಡ್ಡಬಂದುದರಿಂದ ಎರಡನೆಯದು ‘ಕ್ರಿಕೆಟ್ಸ್’ ಎಂಬ ತಂಡದ ಹೆಸರಿನಲ್ಲಿ ಹೊರಬಂದು ಜನಪ್ರಿಯವಾಯಿತು.

ವಿದ್ಯಾರ್ಥಿಮಿತ್ರರೇ, ದಾಖಲೆಗಳು ಭಿನ್ನವಾದಾಗ ಒಂದನ್ನು ಹೊಡೆದುಹಾಕುವ ಮುನ್ನ ಬರೆದವರಾರು, ಏತಕ್ಕೆ ಬರೆದರು ಎಂದು ಕೇಳಿರೆಂಬುದೇ ನನ್ನ ಮಾತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ವಿಮಾನಾಪಘಾತಕ್ಕೆ ಬಲಿಯಾದ ಆ ತರುಣನ ಸಮಾಧಿಶಿಲೆಯ ಮೇಲೆ ‘ಇ’ ಅಕ್ಷರ ಮರಳಿ ಬಂದಿದೆ.